ಒಂಟಿ ಬಾಲಪ್ರಯಾಣಿಕರು ಮತ್ತು ವಿಮಾನಸಂಸ್ಥೆಯ ಹೊಣೆ

ಒಂಟಿ ಬಾಲಪ್ರಯಾಣಿಕ ಎಂದರೆ ತಂದೆತಾಯಿ, ಪಾಲಕರು ಅಥವಾ ವಿಮಾನಸಂಸ್ಥೆ ಒಪ್ಪುವ ವಯಸ್ಸಿನ ಬೇರೊಬ್ಬ ಸಹಪ್ರಯಾಣಿಕರಿಲ್ಲದೆ, ಸಂಸ್ಥೆಯ ವಿಶೇಷ ನಿಗಾದಲ್ಲಿ ವಿಮಾನದಲ್ಲಿ ಪ್ರಯಾಣಿಸುವ ಮಗು. ಹೊರಡುವ ನಿಲ್ದಾಣದಲ್ಲಿ ಮಗುವನ್ನು ವಹಿಸಿಕೊಂಡ ಗಳಿಗೆಯಿಂದ, ತಲುಪುವ ನಿಲ್ದಾಣದಲ್ಲಿ ಮೊದಲೇ ಹೆಸರಿಸಿದ ವ್ಯಕ್ತಿಯ ಕೈಗೆ ಒಪ್ಪಿಸುವವರೆಗೆ ಸಂಸ್ಥೆ ನಿರ್ವಹಿಸಬೇಕಾದ ಕರ್ತವ್ಯಗಳು ಹಾಗೂ ಅವು ತಪ್ಪಿದಾಗ ಎದುರಾಗುವ ಕಾನೂನು ಪರಿಣಾಮಗಳು ಈ ಹೊಣೆಯ ವ್ಯಾಪ್ತಿಗೆ ಬರುತ್ತವೆ. ವಿಮಾನಯಾನ ವಲಯದಲ್ಲಿ ಇಂಥ ಮಗುವನ್ನು ಅನ್‌ಅಕಂಪನೀಡ್ ಮೈನರ್ ಎಂದೂ ಚುಟುಕಾಗಿ ಯುಎಂ ಎಂದೂ ಕರೆಯುತ್ತಾರೆ. ಟಿಕೆಟ್ ದಾಖಲೆಯಲ್ಲಿ ಇದಕ್ಕೆ ಯುಎಂಎನ್‌ಆರ್ ಎಂಬ ಸಂಕೇತವಿದೆ.

ಈ ಲೇಖನದಲ್ಲಿ ಎರಡು ಪದಗಳನ್ನು ಬೇರೆಬೇರೆ ಅರ್ಥದಲ್ಲಿ ಬಳಸಲಾಗಿದೆ. ಮಗುವಿನ ಪಾಲನೆ, ಶಿಕ್ಷಣ, ಆಸ್ತಿ ಮುಂತಾದ ವಿಷಯಗಳಲ್ಲಿ ತೀರ್ಮಾನ ಕೈಗೊಳ್ಳುವ ಕಾನೂನುಬದ್ಧ ಅಧಿಕಾರ ಪಾಲಕತ್ವ. ನಿಗದಿತ ಅವಧಿಗೆ ಮಗುವನ್ನು ವಹಿಸಿಕೊಂಡು ಕಾಪಾಡುವುದು ಸುಪರ್ದಿ. ವಿಮಾನಸಂಸ್ಥೆಗೆ ಸಿಗುವುದು ಸುಪರ್ದಿ ಮಾತ್ರ. ಪಾಲಕತ್ವ ಪ್ರಯಾಣದ ಉದ್ದಕ್ಕೂ ತಂದೆತಾಯಿಯರಲ್ಲೇ ಉಳಿಯುತ್ತದೆ. ಇವೆರಡನ್ನು ಬೆರೆಸಿ ನೋಡುವುದರಿಂದಲೇ ಈ ವಿಷಯದ ಹೆಚ್ಚಿನ ವಿವಾದಗಳು ಹುಟ್ಟಿವೆ.

ಹಿನ್ನೆಲೆ

ಪ್ರಯಾಣಿಕ ವಿಮಾನಗಳ ಮೊದಲ ದಶಕಗಳಲ್ಲಿ ಮಕ್ಕಳು ಒಂಟಿಯಾಗಿ ಹಾರುವುದು ವಿರಳವಾಗಿತ್ತು. 1930ರ ಮೇ ತಿಂಗಳಲ್ಲಿ ಅಮೆರಿಕದ ಬೋಯಿಂಗ್ ಏರ್ ಟ್ರಾನ್ಸ್‌ಪೋರ್ಟ್ ಸಂಸ್ಥೆ ನರ್ಸಿಂಗ್ ತರಬೇತಿ ಪಡೆದ ಮಹಿಳೆಯರನ್ನು ಪರಿಚಾರಿಕೆಯರಾಗಿ ನೇಮಿಸಿಕೊಂಡಿತು. ಆ ಬಳಿಕ ವಿಮಾನದೊಳಗೆ ಪ್ರಯಾಣಿಕರ ಆರೈಕೆಗೆಂದೇ ಜನರಿರುವ ಪದ್ಧತಿ ಬೆಳೆಯಿತು. ಮಗುವನ್ನು ನಂಬಿ ಕಳುಹಿಸಲು ಬೇಕಾದ ಮೊದಲ ಏರ್ಪಾಡು ಅದೇ.

ಎರಡನೆಯ ಮಹಾಯುದ್ಧದ ನಂತರ ಒಂಟಿ ಬಾಲಪ್ರಯಾಣ ನಿಯಮಿತ ಸೇವೆಯಾಯಿತು. ಏಷ್ಯಾ ಮತ್ತು ಆಫ್ರಿಕಾದ ವಸಾಹತುಗಳಲ್ಲಿ ನೌಕರಿಯಲ್ಲಿದ್ದ ಬ್ರಿಟಿಷ್ ಕುಟುಂಬಗಳ ಮಕ್ಕಳು ಇಂಗ್ಲೆಂಡಿನ ವಸತಿಶಾಲೆಗಳಲ್ಲಿ ಓದುತ್ತಿದ್ದರು. ರಜೆಗೆ ಊರು ಸೇರಲು ಹಡಗಿನಲ್ಲಿ ವಾರಗಟ್ಟಲೆ ಹಿಡಿಯುತ್ತಿದ್ದ ದಾರಿಯನ್ನು ವಿಮಾನ ಬಹಳ ಕಡಿಮೆ ಮಾಡಿತು. ಬ್ರಿಟನ್ನಿನ ಬಿಒಎಸಿ ಸಂಸ್ಥೆ 1957ರಲ್ಲಿ ಮಕ್ಕಳಿಗಾಗಿ ಜೂನಿಯರ್ ಜೆಟ್ ಕ್ಲಬ್ ಆರಂಭಿಸಿತು. ಸದಸ್ಯ ಮಕ್ಕಳು ತಮ್ಮ ಹಾರಾಟಗಳನ್ನು ಬರೆದಿಟ್ಟುಕೊಳ್ಳುವ ದಾಖಲೆ ಪುಸ್ತಕ ಆ ಕಾಲದ ಶಾಲಾಮಕ್ಕಳಲ್ಲಿ ಜನಪ್ರಿಯವಾಗಿತ್ತು.

ಒಂಟಿ ಮಕ್ಕಳ ಅತಿದೊಡ್ಡ ವೈಮಾನಿಕ ಸ್ಥಳಾಂತರಗಳಲ್ಲಿ ಒಂದು ನಡೆದದ್ದು ಕ್ಯೂಬಾದಿಂದ. 1960ರ ಡಿಸೆಂಬರ್‌ನಿಂದ 1962ರ ಅಕ್ಟೋಬರ್‌ವರೆಗೆ ಆಪರೇಷನ್ ಪೆಡ್ರೊ ಪ್ಯಾನ್ ಹೆಸರಿನ ಕಾರ್ಯಕ್ರಮದಲ್ಲಿ 14,000ಕ್ಕೂ ಹೆಚ್ಚು ಮಕ್ಕಳು ಹೆತ್ತವರಿಲ್ಲದೆ ಹವಾನಾದಿಂದ ಅಮೆರಿಕ ತಲುಪಿದರು. ಅವರಲ್ಲಿ ಹೆಚ್ಚಿನವರು ಬಂದದ್ದು ಸಾಮಾನ್ಯ ವಾಣಿಜ್ಯ ವಿಮಾನಗಳಲ್ಲಿ. ಇಳಿದ ಮಕ್ಕಳನ್ನು ವಹಿಸಿಕೊಳ್ಳುವ ಕೆಲಸವನ್ನು ಮಯಾಮಿಯ ಕ್ಯಾಥೊಲಿಕ್ ಧರ್ಮಪ್ರಾಂತ್ಯದ ಸಮಾಜಸೇವಾ ಸಂಸ್ಥೆ ನಿರ್ವಹಿಸಿತು. ಹೊಸ ನೆಲದಲ್ಲಿ ಮಗುವಿಗಾಗಿ ಕಾದಿರುವವರು ಯಾರೆಂಬುದು ಮೊದಲೇ ಗೊತ್ತಿರಬೇಕು ಎಂಬ ತತ್ವದ ಮಹತ್ವವನ್ನು ಈ ಘಟನೆ ದೊಡ್ಡ ಪ್ರಮಾಣದಲ್ಲಿ ತೋರಿಸಿತು.

ಅಮೆರಿಕದಲ್ಲಿ 1970ರ ದಶಕದಿಂದ ಎರಡು ಬದಲಾವಣೆಗಳು ಒಂಟಿ ಬಾಲಪ್ರಯಾಣವನ್ನು ಹೆಚ್ಚಿಸಿದವು. ತಪ್ಪು ಸಾಬೀತು ಮಾಡದೆಯೇ ವಿಚ್ಛೇದನ ಪಡೆಯಲು ಅವಕಾಶ ಕೊಡುವ ಕಾನೂನು 1970ರ ಜನವರಿ 1ರಂದು ಕ್ಯಾಲಿಫೋರ್ನಿಯಾದಲ್ಲಿ ಜಾರಿಗೆ ಬಂದು, ಕ್ರಮೇಣ ಇತರ ರಾಜ್ಯಗಳಿಗೂ ಹಬ್ಬಿತು. ಬೇರೆ ಬೇರೆ ರಾಜ್ಯಗಳಲ್ಲಿ ನೆಲೆಸಿದ ತಂದೆತಾಯಿಯರ ನಡುವೆ ಓಡಾಡುವುದು ಅನೇಕ ಮಕ್ಕಳ ರಜಾದಿನಗಳ ಭಾಗವಾಯಿತು. 1978ರಲ್ಲಿ ಸರ್ಕಾರ ವಿಮಾನದರಗಳ ಮೇಲಿನ ನಿಯಂತ್ರಣ ತೆಗೆದ ಮೇಲೆ ಟಿಕೆಟ್ ಅಗ್ಗವಾಯಿತು.

ಭಾರತದಲ್ಲಿ ಕಾರಣಗಳು ಬೇರೆ. ಕೊಲ್ಲಿ ದೇಶಗಳ ಉದ್ಯೋಗ, ದೂರದ ವಸತಿಶಾಲೆಗಳು, ಬೇಸಿಗೆ ರಜೆಯ ಅಜ್ಜಿಮನೆ, ಬೇರೆ ಬೇರೆ ನಗರಗಳಲ್ಲಿ ದುಡಿಯುವ ದಂಪತಿ. ದುಬೈ, ಅಬುಧಾಬಿಗಳೊಂದಿಗೆ ಗಾಢ ನಂಟಿರುವ ಕರಾವಳಿ ಕರ್ನಾಟಕದ ಕುಟುಂಬಗಳಿಗೆ ಮಂಗಳೂರು ನಿಲ್ದಾಣದ ಮೂಲಕ ನಡೆಯುವ ಇಂಥ ಪ್ರಯಾಣ ಹೊಸದಲ್ಲ.

ವಯಸ್ಸಿನ ವರ್ಗಗಳು

ಯಾವ ವಯಸ್ಸಿನ ಮಗು ಒಂಟಿಯಾಗಿ ಹಾರಬಹುದು ಎಂಬುದಕ್ಕೆ ಜಗತ್ತಿನಾದ್ಯಂತ ಒಂದೇ ನಿಯಮವಿಲ್ಲ. ಕಾನೂನಿನ ಕಣ್ಣಿನಲ್ಲಿ ಅಪ್ರಾಪ್ತರು ಬಹುತೇಕ ದೇಶಗಳಲ್ಲಿ 18 ತುಂಬದವರು. ಆದರೆ ವಿಮಾನಸಂಸ್ಥೆಗಳು ತಮ್ಮದೇ ಗೆರೆಗಳನ್ನು ಎಳೆದುಕೊಂಡಿವೆ.

ಐದು ವರ್ಷ ತುಂಬದ ಮಗುವನ್ನು ಒಂಟಿಯಾಗಿ ಸ್ವೀಕರಿಸದಿರುವುದು ಸಾಮಾನ್ಯ ಪದ್ಧತಿ. ಐದರಿಂದ ಹನ್ನೊಂದರವರೆಗೆ ವಿಶೇಷ ಸೇವೆ ಕಡ್ಡಾಯ, ಹನ್ನೆರಡರ ನಂತರ ಪಾಲಕರು ಕೋರಿದರೆ ಮಾತ್ರ ಎಂಬ ಮಾದರಿಯನ್ನು ಲುಫ್ತಾನ್ಸಾ, ಎಮಿರೇಟ್ಸ್ ಸೇರಿದಂತೆ ಏಷ್ಯಾ ಮತ್ತು ಯುರೋಪಿನ ಅನೇಕ ಸಂಸ್ಥೆಗಳು ಅನುಸರಿಸುತ್ತವೆ. ಭಾರತೀಯ ಸಂಸ್ಥೆಗಳ ನಿಯಮಗಳೂ ಹೆಚ್ಚುಕಡಿಮೆ ಇದೇ ಜಾಡಿನವು. ಅಮೆರಿಕದ ಮೂರು ದೊಡ್ಡ ಸಂಸ್ಥೆಗಳಾದ ಅಮೆರಿಕನ್, ಡೆಲ್ಟಾ ಮತ್ತು ಯುನೈಟೆಡ್‌ಗಳಲ್ಲಿ ಕಡ್ಡಾಯ ಸೇವೆಯ ವಯಸ್ಸು 5ರಿಂದ 14. ಒಂದು ದಿಕ್ಕಿನ ಪ್ರಯಾಣಕ್ಕೆ ಟಿಕೆಟ್‌ ದರದ ಮೇಲೆ 150 ಡಾಲರ್ ಶುಲ್ಕವಿದೆ. ಅಮೆರಿಕನ್ ಮತ್ತು ಡೆಲ್ಟಾಗಳಲ್ಲಿ ಐದರಿಂದ ಏಳು ವರ್ಷದ ಮಕ್ಕಳಿಗೆ ನೇರ ವಿಮಾನ ಮಾತ್ರ. ವಿಮಾನ ಬದಲಿಸಬೇಕಾದ ಮಾರ್ಗದಲ್ಲಿ ಅವರನ್ನು ಒಯ್ಯುವುದಿಲ್ಲ.

ಸೇವೆಯನ್ನೇ ಕೊಡದ ಸಂಸ್ಥೆಗಳೂ ಇವೆ. ಬ್ರಿಟಿಷ್ ಏರ್‌ವೇಸ್ 2016ರಲ್ಲಿ ತನ್ನ ಸ್ಕೈಫ್ಲೈಯರ್ ಸೋಲೊ ಸೇವೆಯನ್ನು ನಿಲ್ಲಿಸಿತು. ಅಲ್ಲಿ 14 ತುಂಬದವರು ಒಂಟಿಯಾಗಿ ಪ್ರಯಾಣಿಸುವಂತಿಲ್ಲ. ರಯಾನ್‌ಏರ್‌ನಲ್ಲಿ ಆ ಮಿತಿ 16. ಇಳಿದ ವಿಮಾನವನ್ನು ಅರ್ಧ ಗಂಟೆಯ ಆಸುಪಾಸಿನಲ್ಲಿ ಮತ್ತೆ ಹಾರಿಸುವ ಅಗ್ಗದ ದರದ ಸಂಸ್ಥೆಗಳ ವ್ಯವಸ್ಥೆಗೆ, ಒಂದು ಮಗುವಿಗಾಗಿ ಸಿಬ್ಬಂದಿಯೊಬ್ಬರನ್ನು ಬಾಗಿಲಿನಿಂದ ಬಾಗಿಲಿಗೆ ಕಳುಹಿಸುವುದು ಹೊಂದುವುದಿಲ್ಲ.

ಕಡ್ಡಾಯ ಸೇವೆಯ ವಯಸ್ಸು ದಾಟಿದ, ಆದರೆ 18 ತುಂಬದ ಹದಿಹರೆಯದವರು ಗಮನ ಹೆಚ್ಚು ಬೇಕಾದ ಗುಂಪು. ಸೇವೆ ಕೋರದಿದ್ದರೆ ಸಂಸ್ಥೆ ಇವರನ್ನು ವಯಸ್ಕ ಪ್ರಯಾಣಿಕರಂತೆಯೇ ನಡೆಸಿಕೊಳ್ಳುತ್ತದೆ. ವಿಮಾನ ರದ್ದಾಗಿ ಪರವೂರಿನಲ್ಲಿ ರಾತ್ರಿ ಕಳೆಯಬೇಕಾಗಿ ಬಂದಾಗ ತೊಡಕು ಕಾಣಿಸಿಕೊಳ್ಳುತ್ತದೆ. ಅನೇಕ ಹೋಟೆಲುಗಳು 18 ತುಂಬದವರಿಗೆ ಕೊಠಡಿ ಕೊಡುವುದಿಲ್ಲ.

ಹಸ್ತಾಂತರದ ಕ್ರಮ

ಈ ಸೇವೆಯ ತಿರುಳು ಸಹಿಗಳ ಸರಪಳಿ. ಮಗು ಯಾವುದೇ ಕ್ಷಣದಲ್ಲಿ ಯಾರ ಸುಪರ್ದಿಯಲ್ಲಿದೆ ಎಂಬುದು ಕಾಗದದ ಮೇಲೆ ಸ್ಪಷ್ಟವಾಗಿರಬೇಕು.

ಟಿಕೆಟ್ ಕಾಯ್ದಿರಿಸುವಾಗಲೇ ಪಾಲಕರು ವಿಷಯ ತಿಳಿಸಬೇಕು. ಹೆಚ್ಚಿನ ಸಂಸ್ಥೆಗಳಲ್ಲಿ ಮಾಮೂಲಿ ಆನ್‌ಲೈನ್ ಬುಕಿಂಗ್‌ನಲ್ಲಿ ಇದು ಪೂರ್ಣಗೊಳ್ಳುವುದಿಲ್ಲ. ಫೋನಿನಲ್ಲೋ ಕೌಂಟರಿನಲ್ಲೋ ಮಾತನಾಡಿ ಖಚಿತಪಡಿಸಿಕೊಳ್ಳಬೇಕು. ಒಂದು ವಿಮಾನದಲ್ಲಿ ಇಂಥ ಎಷ್ಟು ಮಕ್ಕಳನ್ನು ಒಯ್ಯಬಹುದು ಎಂಬುದಕ್ಕೆ ಅನೇಕ ಸಂಸ್ಥೆಗಳು ಮಿತಿ ಹಾಕಿಕೊಂಡಿರುತ್ತವೆ. ದಿನದ ಕೊನೆಯ ಸಂಪರ್ಕ ವಿಮಾನ, ಮಧ್ಯೆ ರಾತ್ರಿ ತಂಗಬೇಕಾದ ಮಾರ್ಗ, ಒಂದು ನಿಲ್ದಾಣದಲ್ಲಿ ಇಳಿದು ಮತ್ತೊಂದಕ್ಕೆ ಹೋಗಬೇಕಾದ ಮಾರ್ಗ, ಬೇರೆ ಸಂಸ್ಥೆಯ ವಿಮಾನಕ್ಕೆ ಹತ್ತಬೇಕಾದ ಮಾರ್ಗಗಳನ್ನು ಸಾಮಾನ್ಯವಾಗಿ ನಿರಾಕರಿಸಲಾಗುತ್ತದೆ.

ಹೊರಡುವ ದಿನ ಪಾಲಕರು ತುಂಬುವ ಫಾರಂನಲ್ಲಿ ಮಗುವಿನ ಹೆಸರು, ವಯಸ್ಸು, ಔಷಧ ಅಥವಾ ಅಲರ್ಜಿಯ ವಿವರ, ಕರೆತಂದವರ ಹಾಗೂ ಬರಮಾಡಿಕೊಳ್ಳುವವರ ಹೆಸರು, ವಿಳಾಸ, ಫೋನ್ ಸಂಖ್ಯೆ ಇರುತ್ತವೆ. ಇದೇ ಫಾರಂನ ಪ್ರತಿಗಳು ಮಗುವಿನ ಜತೆ ಸಾಗುತ್ತವೆ. ಪಾಸ್‌ಪೋರ್ಟ್, ಬೋರ್ಡಿಂಗ್ ಪಾಸ್ ಮತ್ತು ಫಾರಂ ಇರುವ ಚೀಲವನ್ನು ಮಗುವಿನ ಕೊರಳಿಗೆ ಹಾಕುವುದು ಹಳೆಯ ರೂಢಿ. ಅದರ ಬಣ್ಣ ದೂರದಿಂದಲೇ ಸಿಬ್ಬಂದಿಗೆ ಗುರುತಾಗುತ್ತದೆ.

ಕರೆತಂದವರು ವಿಮಾನ ಮೇಲೇರುವವರೆಗೆ ನಿಲ್ದಾಣದಲ್ಲೇ ಇರಬೇಕು ಎಂಬ ಷರತ್ತು ಬಹುತೇಕ ಎಲ್ಲ ಸಂಸ್ಥೆಗಳಲ್ಲಿದೆ. ಬಾಗಿಲು ಮುಚ್ಚಿದ ಮೇಲೂ ತಾಂತ್ರಿಕ ದೋಷದಿಂದ ವಿಮಾನ ಹಿಂದಿರುಗಬಹುದು. ಆಗ ಮಗುವನ್ನು ವಾಪಸು ಪಡೆಯಲು ಮನೆಯವರು ಅಲ್ಲಿರಬೇಕು. ಅಮೆರಿಕದಲ್ಲಿ ಟಿಕೆಟ್ ಇಲ್ಲದ ಪಾಲಕರಿಗೂ ಗೇಟಿನವರೆಗೆ ಹೋಗಲು ವಿಶೇಷ ಪಾಸ್ ಕೊಡುವ ಪದ್ಧತಿಯಿದೆ. ಟಿಕೆಟ್ ಇಲ್ಲದವರಿಗೆ ಟರ್ಮಿನಲ್ ಬಾಗಿಲಲ್ಲೇ ತಡೆಯಿರುವ ಭಾರತದಲ್ಲಿ ಬೀಳ್ಕೊಡುಗೆ ಸಾಮಾನ್ಯವಾಗಿ ಅದಕ್ಕೂ ಮುಂಚೆಯೇ ಮುಗಿಯುತ್ತದೆ. ಭದ್ರತಾ ತಪಾಸಣೆಯಿಂದ ಮುಂದೆ ಮಗುವಿನ ಕೈ ಹಿಡಿಯುವವರು ಸಂಸ್ಥೆಯ ನೆಲದ ಸಿಬ್ಬಂದಿ.

ಮಗುವನ್ನು ಇತರರಿಗಿಂತ ಮೊದಲು ವಿಮಾನ ಹತ್ತಿಸಿ, ಹಿರಿಯ ಪರಿಚಾರಕರಿಗೆ ಒಪ್ಪಿಸಿ ಸಹಿ ಪಡೆಯಲಾಗುತ್ತದೆ. ಇಳಿಯುವಾಗ ಮಗು ಕೊನೆಯದು. ಅಲ್ಲಿನ ನೆಲದ ಸಿಬ್ಬಂದಿ ಸಹಿ ಹಾಕಿ ವಹಿಸಿಕೊಂಡು ವಲಸೆ ತಪಾಸಣೆ, ಸಾಮಾನು, ಕಸ್ಟಮ್ಸ್‌ಗಳನ್ನು ದಾಟಿಸುತ್ತಾರೆ. ಫಾರಂನಲ್ಲಿ ಹೆಸರಿರುವ ವ್ಯಕ್ತಿ ಭಾವಚಿತ್ರವಿರುವ ಗುರುತಿನ ಚೀಟಿ ತೋರಿಸಿ ಸಹಿ ಹಾಕಿದ ಮೇಲೆಯೇ ಸುಪರ್ದಿ ಮುಗಿಯುತ್ತದೆ. ಚಿಕ್ಕಪ್ಪ, ಅತ್ತೆ ಅಥವಾ ಮನೆಯ ಡ್ರೈವರ್ ಎಂದು ಹೇಳಿಕೊಂಡು ಬಂದವರನ್ನು ಮಗು ಗುರುತಿಸಿದರೂ ಫಾರಂನಲ್ಲಿ ಹೆಸರಿಲ್ಲದಿದ್ದರೆ ಒಪ್ಪಿಸುವಂತಿಲ್ಲ. ಬರಬೇಕಾದವರು ಬಾರದೆ ಫೋನಿಗೂ ಸಿಗದಿದ್ದರೆ, ಮಗುವನ್ನು ಪಾಲಕರ ಖರ್ಚಿನಲ್ಲಿ ಹೊರಟ ಊರಿಗೆ ಮರಳಿಸುವುದು ಅಥವಾ ಪೊಲೀಸರಿಗೆ, ಮಕ್ಕಳ ರಕ್ಷಣಾ ಅಧಿಕಾರಿಗಳಿಗೆ ಒಪ್ಪಿಸುವುದು ಸಂಸ್ಥೆಯ ಮುಂದಿರುವ ದಾರಿಗಳು.

ವಿಮಾನದೊಳಗೆ

ಪರಿಚಾರಕರು ಮಗುವಿನ ಪಕ್ಕದಲ್ಲೇ ಕುಳಿತಿರುತ್ತಾರೆ ಎಂಬ ನಂಬಿಕೆ ಪಾಲಕರಲ್ಲಿ ವ್ಯಾಪಕವಾಗಿದೆ, ಅದು ನಿಜವಲ್ಲ. ಅವರ ಮೊದಲ ಕರ್ತವ್ಯ ಇಡೀ ವಿಮಾನದ ಸುರಕ್ಷತೆ. ಮಗುವಿಗೆ ಸುರಕ್ಷಾ ಸೂಚನೆಗಳನ್ನು ತಿಳಿಯುವಂತೆ ವಿವರಿಸುವುದು, ಆಗಾಗ ಬಂದು ವಿಚಾರಿಸುವುದು, ಊಟೋಪಚಾರ, ಇಳಿಯುವಾಗ ತಡೆದು ನಿಲ್ಲಿಸಿಕೊಳ್ಳುವುದು ಅವರಿಂದ ನಿರೀಕ್ಷಿಸಬಹುದಾದ ಸೇವೆ. ಔಷಧ ಕುಡಿಸುವ ಹೊಣೆಯನ್ನು ಬಹುತೇಕ ಸಂಸ್ಥೆಗಳು ಹೊರುವುದಿಲ್ಲ. ಅಮೆರಿಕದ ನಿಯಮದಂತೆ 15 ತುಂಬದವರನ್ನು ತುರ್ತು ನಿರ್ಗಮನದ ಸಾಲಿನಲ್ಲಿ ಕೂರಿಸುವಂತಿಲ್ಲ.

ಮಗುವಿನ ಪಕ್ಕದಲ್ಲಿ ಯಾರು ಕೂರಬೇಕು ಎಂಬುದು ದೀರ್ಘ ವಿವಾದದ ವಿಷಯ. ಒಂಟಿ ಮಗುವಿನ ಪಕ್ಕ ಗಂಡಸರನ್ನು ಕೂರಿಸದಿರುವ ನೀತಿಯನ್ನು ಕೆಲವು ಸಂಸ್ಥೆಗಳು ಪಾಲಿಸುತ್ತಿದ್ದವು. ಕ್ವಾಂಟಾಸ್ ಮತ್ತು ಏರ್ ನ್ಯೂಜಿಲೆಂಡ್‌ಗಳ ನೀತಿ 2005ರಲ್ಲಿ ಬಹಿರಂಗ ಚರ್ಚೆಗೆ ಬಂತು. ಪ್ರಯಾಣಿಕರೊಬ್ಬರು ಹೂಡಿದ ಲಿಂಗತಾರತಮ್ಯದ ದಾವೆಯ ನಂತರ ಬ್ರಿಟಿಷ್ ಏರ್‌ವೇಸ್ 2010ರಲ್ಲಿ ತನ್ನ ನೀತಿ ಬದಲಿಸಿತು. ವರ್ಜಿನ್ ಆಸ್ಟ್ರೇಲಿಯಾ 2012ರಲ್ಲಿ ಟೀಕೆಗೆ ಗುರಿಯಾಗಿ ಅದೇ ಹಾದಿ ಹಿಡಿಯಿತು. ಇದರ ಬದಲಿಗೆ ಪಕ್ಕದ ಆಸನವನ್ನು ಖಾಲಿ ಬಿಡುವುದು, ಒಂಟಿ ಮಕ್ಕಳನ್ನು ಒಟ್ಟಿಗೆ ಕೂರಿಸುವುದು, ಪರಿಚಾರಕರ ಜಾಗದ ಹತ್ತಿರದ ಸಾಲು ಕೊಡುವುದು ಹೆಚ್ಚು ಬಳಕೆಗೆ ಬಂದಿವೆ. ಇಡೀ ಒಂದು ವರ್ಗದ ಪ್ರಯಾಣಿಕರನ್ನು ಶಂಕಿಸುವುದಕ್ಕಿಂತ ಮಗುವನ್ನು ಕಣ್ಣಳತೆಯಲ್ಲಿ ಇಡುವ ಈ ಕ್ರಮ ಹೆಚ್ಚು ನ್ಯಾಯವಾದದ್ದು, ಹೆಚ್ಚು ಪರಿಣಾಮಕಾರಿಯೂ ಹೌದು.

ಅಪಾಯ ಕಾಲ್ಪನಿಕವಲ್ಲ. ಅಮೆರಿಕದ ಎಫ್‌ಬಿಐ 2018ರಲ್ಲಿ ನೀಡಿದ ಎಚ್ಚರಿಕೆಯ ಪ್ರಕಾರ, ವಿಮಾನದೊಳಗಿನ ಲೈಂಗಿಕ ದೌರ್ಜನ್ಯದ ಬಗ್ಗೆ ಅದು ತನಿಖೆಗೆ ಕೈಗೆತ್ತಿಕೊಂಡ ಪ್ರಕರಣಗಳು 2014ರಲ್ಲಿ 38 ಇದ್ದದ್ದು 2017ರಲ್ಲಿ 63ಕ್ಕೆ ಏರಿದ್ದವು. ಈ ಸಂಖ್ಯೆಯಲ್ಲಿ ಎಲ್ಲ ವಯಸ್ಸಿನವರೂ ಸೇರಿದ್ದಾರೆ. ಒಂಟಿಯಾಗಿ ಕಳುಹಿಸುವ ಮಗುವಿಗೆ ಪರಿಚಾರಕರ ಕಣ್ಣಿಗೆ ಬೀಳುವಂಥ, ನಡುದಾರಿಯ ಪಕ್ಕದ ಆಸನ ಕೊಡಿಸಬೇಕೆಂದು ಅದೇ ಎಚ್ಚರಿಕೆಯಲ್ಲಿ ಸಲಹೆಯಿತ್ತು.

ವಿಳಂಬ ಮತ್ತು ಮಾರ್ಗ ಬದಲಾವಣೆ

ಎಲ್ಲವೂ ವೇಳಾಪಟ್ಟಿಯಂತೆ ನಡೆದಾಗ ಸಂಸ್ಥೆಯ ಹೊಣೆ ಹಗುರ. ಮಂಜು, ಮಳೆ, ತಾಂತ್ರಿಕ ದೋಷದಿಂದ ವಿಮಾನ ಬೇರೊಂದು ಊರಿನಲ್ಲಿ ಇಳಿದಾಗ ಅದರ ಪೂರ್ಣ ಭಾರ ಗೊತ್ತಾಗುತ್ತದೆ. ಬೆಂಗಳೂರಿಗೆ ಹೊರಟ ವಿಮಾನ ಮಂಜಿನಿಂದಾಗಿ ಚೆನ್ನೈನಲ್ಲಿ ಇಳಿದರೆ, ಅಲ್ಲಿ ಮಗುವನ್ನು ಬರಮಾಡಿಕೊಳ್ಳಲು ಯಾರೂ ಇರುವುದಿಲ್ಲ. ಆಹಾರ, ವಿಶ್ರಾಂತಿ, ನಿರಂತರ ಕಾವಲು, ಎರಡೂ ಕಡೆಯ ಮನೆಯವರಿಗೆ ಸುದ್ದಿ ಮುಟ್ಟಿಸುವುದು ಎಲ್ಲವೂ ಸಂಸ್ಥೆಯ ಮೇಲೆ ಬೀಳುತ್ತವೆ. ರಾತ್ರಿ ತಂಗಬೇಕಾದರೆ ಸಿಬ್ಬಂದಿಯೊಬ್ಬರು ಜತೆಗಿರುವ ವ್ಯವಸ್ಥೆ ಆಗಬೇಕು.

ಈ ವಿಷಯದಲ್ಲಿ ಅತ್ಯಂತ ಸ್ಪಷ್ಟವಾದ ಕಾನೂನು ಇರುವುದು ಯುರೋಪಿಯನ್ ಒಕ್ಕೂಟದಲ್ಲಿ. 2004ರ 261ನೇ ನಿಯಮಾವಳಿಯ 9ನೇ ವಿಧಿ ಒಂಟಿ ಮಕ್ಕಳ ಅಗತ್ಯಗಳಿಗೆ ಸಂಸ್ಥೆ ವಿಶೇಷ ಗಮನ ಕೊಡಬೇಕು ಎನ್ನುತ್ತದೆ. 11ನೇ ವಿಧಿಯಂತೆ ಆಸನ ನಿರಾಕರಣೆ, ರದ್ದತಿ ಅಥವಾ ಎಷ್ಟೇ ಹೊತ್ತಿನ ವಿಳಂಬವಾದರೂ ಅವರಿಗೆ ಆದಷ್ಟು ಬೇಗ ಆರೈಕೆ ಸಿಗಬೇಕು. ಇತರ ಪ್ರಯಾಣಿಕರು ಊಟ, ತಂಗುವಿಕೆಯ ಹಕ್ಕಿಗೆ ನಿಗದಿತ ಗಂಟೆಗಳ ವಿಳಂಬ ಕಳೆಯುವವರೆಗೆ ಕಾಯಬೇಕು. ಒಂಟಿ ಮಗುವಿಗೆ ಆ ಕಾಯುವಿಕೆ ಇಲ್ಲ.

ಕಾನೂನು ಹೊಣೆ

ಸಂಸ್ಥೆಯ ಕಾನೂನು ಹೊಣೆಗೆ ಮೂರು ಮೂಲಗಳಿವೆ: ಟಿಕೆಟ್ಟಿನ ಹಿಂದಿರುವ ಒಪ್ಪಂದ, ಅಂತರರಾಷ್ಟ್ರೀಯ ಒಡಂಬಡಿಕೆ ಮತ್ತು ಆಯಾ ದೇಶದ ಕಾನೂನು.

ಒಪ್ಪಂದದಲ್ಲಿ ಸಂಸ್ಥೆಗಳು ಎಚ್ಚರಿಕೆಯಿಂದ ಮಾತು ಪೋಣಿಸುತ್ತವೆ. ವಯಸ್ಕ ಪ್ರಯಾಣಿಕರ ಬಗ್ಗೆ ಇರುವುದಕ್ಕಿಂತ ಹೆಚ್ಚಿನ ಹಣಕಾಸಿನ ಅಥವಾ ಪಾಲಕತ್ವದ ಹೊಣೆ ತಮಗಿಲ್ಲ ಎಂಬ ಅರ್ಥದ ಷರತ್ತು ಅಮೆರಿಕದ ಸಂಸ್ಥೆಗಳ ಒಪ್ಪಂದಗಳಲ್ಲಿ ಕಾಣುತ್ತದೆ. ಹೆಚ್ಚುವರಿ ಶುಲ್ಕ ಪಡೆದು ಹೆಚ್ಚುವರಿ ನಿಗಾದ ಭರವಸೆ ಕೊಟ್ಟ ಮೇಲೆ ಈ ಷರತ್ತು ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬ ಪ್ರಶ್ನೆ ಉಳಿಯುತ್ತದೆ. ಪಾಲಕತ್ವ ಇಲ್ಲವೆಂದು ಹೇಳುವ ಹಕ್ಕು ಸಂಸ್ಥೆಗಿದೆ. ಆದರೆ ಸಹಿ ಹಾಕಿ ಪಡೆದ ಸುಪರ್ದಿಯನ್ನು ಅದೇ ಮಾತಿನಿಂದ ಕಳಚಿಕೊಳ್ಳಲು ಬರುವುದಿಲ್ಲ.

ಅಂತರರಾಷ್ಟ್ರೀಯ ಪ್ರಯಾಣಕ್ಕೆ 1929ರ ವಾರ್ಸಾ ಒಡಂಬಡಿಕೆ ಬಹುಕಾಲ ಆಧಾರವಾಗಿತ್ತು. 1999ರ ಮೇ 28ರಂದು ಅಂಗೀಕಾರವಾಗಿ 2003ರ ನವೆಂಬರ್ 4ರಂದು ಜಾರಿಗೆ ಬಂದ ಮಾಂಟ್ರಿಯಲ್ ಒಡಂಬಡಿಕೆ ಈಗ ಬಹುತೇಕ ದೇಶಗಳಲ್ಲಿ ಅದರ ಸ್ಥಾನದಲ್ಲಿದೆ. ಎರಡರಲ್ಲೂ ಒಂಟಿ ಮಕ್ಕಳಿಗೆಂದೇ ಬರೆದ ವಿಧಿಯಿಲ್ಲ. ಮಾಂಟ್ರಿಯಲ್ ಒಡಂಬಡಿಕೆಯ 17ನೇ ವಿಧಿಯಂತೆ ವಿಮಾನದೊಳಗೆ ಅಥವಾ ಹತ್ತುವ, ಇಳಿಯುವ ಪ್ರಕ್ರಿಯೆಯಲ್ಲಿ ನಡೆದ ಅಪಘಾತದಿಂದ ಸಾವು ಅಥವಾ ದೈಹಿಕ ಗಾಯ ಆದರೆ ಸಂಸ್ಥೆ ಹೊಣೆ. ಐಎಂಎಫ್‌ನ ಲೆಕ್ಕದ ಘಟಕವಾದ ಎಸ್‌ಡಿಆರ್‌ನಲ್ಲಿ ಹೇಳಲಾದ ಮಿತಿಯವರೆಗೆ ಸಂಸ್ಥೆಯ ತಪ್ಪನ್ನು ಸಾಬೀತುಪಡಿಸಬೇಕಾಗಿಲ್ಲ. ಆರಂಭದಲ್ಲಿ 1,00,000 ಇದ್ದ ಈ ಮಿತಿ 2024ರ ಡಿಸೆಂಬರ್ 28ರಿಂದ 1,51,880 ಎಸ್‌ಡಿಆರ್ ಆಗಿದೆ. ಅದಕ್ಕೂ ಮೀರಿದ ನಷ್ಟಕ್ಕೆ ಸಂಸ್ಥೆ ತನ್ನ ನಿರ್ಲಕ್ಷ್ಯ ಇರಲಿಲ್ಲ ಎಂದು ತೋರಿಸಿದರೆ ಪಾರಾಗಬಹುದು. ವಿಳಂಬದ ನಷ್ಟಕ್ಕೆ ಈಗಿನ ಮಿತಿ 6,303 ಎಸ್‌ಡಿಆರ್.

ಈ ವಿಧಿಯ ಒಂದೊಂದು ಪದದ ಮೇಲೂ ನ್ಯಾಯಾಲಯಗಳು ತೀರ್ಪು ಕೊಟ್ಟಿವೆ. ಅಪಘಾತವೆಂದರೆ ಪ್ರಯಾಣಿಕರ ದೇಹಸ್ಥಿತಿಯಿಂದ ಹೊರಗಿನ, ಅನಿರೀಕ್ಷಿತವಾದ ಘಟನೆ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1985ರಲ್ಲಿ ಏರ್ ಫ್ರಾನ್ಸ್ ಪ್ರಕರಣವೊಂದರಲ್ಲಿ ವಿವರಿಸಿತು. ತಂದೆಯೊಂದಿಗೆ ಪ್ರಯಾಣಿಸುತ್ತಿದ್ದ ಆರು ವರ್ಷದ ಬಾಲಕಿಯ ಮೈಮೇಲೆ ಬಿಸಿ ಕಾಫಿ ಚೆಲ್ಲಿದ ಪ್ರಕರಣದಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2019ರ ಡಿಸೆಂಬರ್‌ನಲ್ಲಿ, ಅಪಘಾತ ಎನಿಸಲು ಹಾರಾಟಕ್ಕೇ ವಿಶಿಷ್ಟವಾದ ಅಪಾಯ ಇರಬೇಕಿಲ್ಲ ಎಂದಿತು. ಪರಿಚಾರಕರ ಟ್ರಾಲಿ, ಬಿಸಿನೀರು, ಮಡಚುವ ಮೇಜು ಇವೆಲ್ಲ ಇದರಿಂದ ಹೊಣೆಯೊಳಗೆ ಬಂದವು.

ಒಂಟಿ ಬಾಲಪ್ರಯಾಣಿಕರ ಮಟ್ಟಿಗೆ ಅತಿ ಮಹತ್ವದ, ಅಷ್ಟೇ ನೋವಿನ ತೀರ್ಪು ಬಂದದ್ದು ಬ್ರಿಟನ್ನಿನಲ್ಲಿ. 1998ರಲ್ಲಿ ಕೌಲಾಲಂಪುರದಿಂದ ಆಮ್‌ಸ್ಟರ್‌ಡ್ಯಾಮ್‌ಗೆ ಕೆಎಲ್‌ಎಂ ವಿಮಾನದಲ್ಲಿ ಒಂಟಿಯಾಗಿ ಹೊರಟಿದ್ದ ಹದಿಹರೆಯದ ಹುಡುಗಿಯ ಮೇಲೆ ಪಕ್ಕದ ಆಸನದವನು ಅಸಭ್ಯವಾಗಿ ಕೈಯಿಟ್ಟ. ಆಕೆ ತೀವ್ರ ಖಿನ್ನತೆಗೆ ಒಳಗಾದಳು. 2002ರ ಫೆಬ್ರವರಿಯಲ್ಲಿ ಹೌಸ್ ಆಫ್ ಲಾರ್ಡ್ಸ್, ದೈಹಿಕ ಗಾಯವಿಲ್ಲದ ಬರಿಯ ಮಾನಸಿಕ ಆಘಾತ ವಾರ್ಸಾ ಒಡಂಬಡಿಕೆಯ ವ್ಯಾಪ್ತಿಗೆ ಬಾರದು ಎಂದು ಪರಿಹಾರ ನಿರಾಕರಿಸಿತು. ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2022ರ ಅಕ್ಟೋಬರ್‌ನಲ್ಲಿ ಮಾಂಟ್ರಿಯಲ್ ಒಡಂಬಡಿಕೆಯನ್ನು ಅರ್ಥೈಸುತ್ತ ಬೇರೆ ನಿಲುವು ತಳೆಯಿತು. ವೈದ್ಯಕೀಯ ಚಿಕಿತ್ಸೆಯಿಲ್ಲದೆ ವಾಸಿಯಾಗದಷ್ಟು ತೀವ್ರವಾದ ಮಾನಸಿಕ ಹಾನಿ ಸಾಬೀತಾದರೆ ಅದೂ ಪರಿಹಾರಕ್ಕೆ ಅರ್ಹ ಎಂದಿತು. ಮಕ್ಕಳಿಗೆ ಆಗುವ ಹಾನಿಯಲ್ಲಿ ಹೆಚ್ಚಿನದು ಕಣ್ಣಿಗೆ ಕಾಣದ ಬಗೆಯದಾದ್ದರಿಂದ ಈ ಬದಲಾವಣೆಯ ಬೆಲೆ ದೊಡ್ಡದು.

ಮಾಂಟ್ರಿಯಲ್ ಒಡಂಬಡಿಕೆಯ 29ನೇ ವಿಧಿ ಇನ್ನೊಂದು ಬಾಗಿಲನ್ನು ಮುಚ್ಚುತ್ತದೆ. ಅದರ ವ್ಯಾಪ್ತಿಯ ನಷ್ಟಕ್ಕೆ ಅದರ ಮೂಲಕವಲ್ಲದೆ ಬೇರೆ ಕಾನೂನಿನಲ್ಲಿ ದಾವೆ ಹೂಡುವಂತಿಲ್ಲ. 1990ರ ಆಗಸ್ಟ್‌ನಲ್ಲಿ ಮದರಾಸಿನ ಮೂಲಕ ಕೌಲಾಲಂಪುರಕ್ಕೆ ಹೊರಟಿದ್ದ ಬ್ರಿಟಿಷ್ ಏರ್‌ವೇಸ್ ವಿಮಾನ, ಇರಾಕ್ ಸೇನೆ ನುಗ್ಗುತ್ತಿದ್ದ ಹೊತ್ತಿಗೆ ಕುವೈತ್‌ನಲ್ಲಿ ಇಳಿಯಿತು. ಸೆರೆಸಿಕ್ಕ ಪ್ರಯಾಣಿಕರ ದಾವೆಯಲ್ಲಿ ಹೌಸ್ ಆಫ್ ಲಾರ್ಡ್ಸ್ 1996ರಲ್ಲಿ, ಆಗ ಜಾರಿಯಲ್ಲಿದ್ದ ವಾರ್ಸಾ ಒಡಂಬಡಿಕೆಯಲ್ಲಿ ಪರಿಹಾರವಿಲ್ಲದಿದ್ದರೆ ಸ್ಥಳೀಯ ಕಾನೂನಿನಲ್ಲೂ ಇಲ್ಲ ಎಂಬ ತತ್ವವನ್ನು ಎತ್ತಿಹಿಡಿಯಿತು. ಇದರಿಂದ ಮಗುವನ್ನು ತಪ್ಪು ಊರಿಗೆ ಕಳುಹಿಸಿದಂಥ, ಆದರೆ ಗಾಯವಾಗದ ಪ್ರಕರಣಗಳು ಇಕ್ಕಟ್ಟಿಗೆ ಸಿಲುಕುತ್ತವೆ. ಅದನ್ನು ವಿಳಂಬವೆಂದು ನೋಡಿದರೆ ಪರಿಹಾರಕ್ಕೆ ಮಿತಿಯುಂಟು. ಒಪ್ಪಂದವನ್ನೇ ನೆರವೇರಿಸಲಿಲ್ಲ ಎಂದು ನೋಡಿದರೆ ಸ್ಥಳೀಯ ಕಾನೂನಿನ ದಾರಿ ತೆರೆಯಬಹುದು.

ಹತ್ತುವ, ಇಳಿಯುವ ಪ್ರಕ್ರಿಯೆ ಎಲ್ಲಿಂದ ಎಲ್ಲಿಯವರೆಗೆ ಎಂಬುದೂ ಚರ್ಚೆಯ ವಿಷಯ. ಅಥೆನ್ಸ್ ನಿಲ್ದಾಣದಲ್ಲಿ 1973ರಲ್ಲಿ ನಡೆದ ಭಯೋತ್ಪಾದಕ ದಾಳಿಗೆ ಸಂಬಂಧಿಸಿದ ಟಿಡಬ್ಲ್ಯೂಎ ಪ್ರಕರಣದಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ, ಪ್ರಯಾಣಿಕರು ಮಾಡುತ್ತಿದ್ದ ಕೆಲಸ, ಅವರಿದ್ದ ಜಾಗ ಮತ್ತು ಅವರ ಮೇಲೆ ಸಂಸ್ಥೆಗಿದ್ದ ಹತೋಟಿಯನ್ನು ನೋಡಬೇಕು ಎಂದಿತು. ವಯಸ್ಕರು ಟರ್ಮಿನಲ್‌ನಲ್ಲಿ ಸ್ವಂತ ಇಚ್ಛೆಯಂತೆ ಓಡಾಡುತ್ತಾರೆ. ಒಂಟಿ ಮಗು ಸಿಬ್ಬಂದಿಯ ಕೈ ಬಿಟ್ಟು ಹೆಜ್ಜೆ ಇಡುವುದಿಲ್ಲ. ಹತೋಟಿಯೇ ಅಳತೆಗೋಲಾದರೆ ಮಗುವಿನ ವಿಷಯದಲ್ಲಿ ಸಂಸ್ಥೆಯ ಹೊಣೆ ನಿಲ್ದಾಣದೊಳಗೆ ಹೆಚ್ಚು ದೂರ ಚಾಚುತ್ತದೆ ಎಂದು ವಾದಿಸಲು ಇಲ್ಲಿ ಬಲವಾದ ಆಧಾರವಿದೆ.

ದಾವೆಗೆ ಕಾಲಮಿತಿ ಎರಡು ವರ್ಷ. ಅನೇಕ ದೇಶಗಳ ಸಾಮಾನ್ಯ ಕಾನೂನಿನಲ್ಲಿ ಅಪ್ರಾಪ್ತರಿಗೆ ಪ್ರಾಪ್ತ ವಯಸ್ಸಿನವರೆಗೆ ಕಾಲಾವಕಾಶ ವಿಸ್ತರಿಸುತ್ತದೆ. ಆ ವಿನಾಯಿತಿ ಇಲ್ಲಿ ಸಿಗುವುದು ಕಷ್ಟ. ಕಿವಿನೋವಿಗೆ ಶಾಖ ಕೊಡಲು ಹೋಗಿ ಮಗುವಿಗೆ ಬಿಸಿನೀರು ತಗುಲಿದ ಡೆಲ್ಟಾ ವಿಮಾನದ ಪ್ರಕರಣವನ್ನು ಅಮೆರಿಕದ ಮೇಲ್ಮನವಿ ನ್ಯಾಯಾಲಯ 1998ರಲ್ಲಿ ಎರಡು ವರ್ಷ ಮೀರಿದ ಕಾರಣಕ್ಕೆ ತಳ್ಳಿಹಾಕಿತು. ಪಾಲಕರು ಮೊದಲು ತಿಳಿದಿರಬೇಕಾದ ನಿಯಮ ಇದು.

ಭಾರತದಲ್ಲಿ

ಭಾರತ 2009ರಲ್ಲಿ ಮಾಂಟ್ರಿಯಲ್ ಒಡಂಬಡಿಕೆಗೆ ಸೇರಿತು; 1972ರ ವಾಯುಸಾರಿಗೆ ಕಾಯ್ದೆಗೆ ತಿದ್ದುಪಡಿ ತಂದು ಅದನ್ನು ಅಳವಡಿಸಿಕೊಳ್ಳಲಾಯಿತು. ಮರುವರ್ಷವೇ, 2010ರ ಮೇ 22ರಂದು ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನಲ್ಲಿ ಅಪಘಾತಕ್ಕೀಡಾಗಿ 158 ಜನ ಸತ್ತರು. ಹೊಸ ನಿಯಮಗಳ ಅರ್ಥ ಭಾರತೀಯ ನ್ಯಾಯಾಲಯಗಳಲ್ಲಿ ವಿಸ್ತಾರವಾಗಿ ಚರ್ಚೆಯಾದದ್ದು ಈ ದುರಂತದ ಪರಿಹಾರದ ಮೊಕದ್ದಮೆಗಳಲ್ಲಿ. ಮೃತರೊಬ್ಬರ ಕುಟುಂಬಕ್ಕೆ 7.64 ಕೋಟಿ ರೂಪಾಯಿ ನಿಗದಿಪಡಿಸಿ ಸುಪ್ರೀಂ ಕೋರ್ಟ್ 2020ರ ಮಾರ್ಚ್‌ನಲ್ಲಿ ತೀರ್ಪು ಕೊಟ್ಟಿತು. ಆ ಮೊತ್ತದ ಆಧಾರ ಮೃತರ ಸಂಬಳ. ದುಡಿಮೆಯನ್ನೇ ಆರಂಭಿಸದ ಮಗುವಿನ ಜೀವಕ್ಕೆ ಇದೇ ಲೆಕ್ಕ ಹಾಕಿದಾಗ ಮೊತ್ತ ತಗ್ಗುತ್ತದೆ. ಗಳಿಕೆಯನ್ನು ಮಾತ್ರ ನೋಡುವ ಲೆಕ್ಕಾಚಾರದ ದೊಡ್ಡ ಕೊರತೆ ಇದು. ದೇಶದೊಳಗಿನ ಹಾರಾಟಗಳಿಗೆ ಕೇಂದ್ರ ಸರ್ಕಾರ ಅಧಿಸೂಚನೆಯ ಮೂಲಕ ಪ್ರತ್ಯೇಕ ಮಿತಿಗಳನ್ನು ಗೊತ್ತುಪಡಿಸುತ್ತದೆ.

ಒಂಟಿ ಬಾಲಪ್ರಯಾಣ ಮುಖ್ಯವಾಗಿ ಸಂಸ್ಥೆಗಳ ಸ್ವಂತ ನಿಯಮಗಳ ಮೇಲೆ ನಿಂತಿದೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, 2024ರ ಏಪ್ರಿಲ್‌ನಲ್ಲಿ 12 ವರ್ಷದೊಳಗಿನ ಮಕ್ಕಳಿಗೆ ಅದೇ ಟಿಕೆಟ್ ದಾಖಲೆಯಲ್ಲಿರುವ ತಂದೆ, ತಾಯಿ ಅಥವಾ ಪಾಲಕರಲ್ಲಿ ಒಬ್ಬರ ಪಕ್ಕದಲ್ಲೇ ಆಸನ ಕೊಡಬೇಕು ಎಂದು ಸೂಚಿಸಿತು. ಅದು ಹೆತ್ತವರ ಜತೆ ಹೋಗುವ ಮಕ್ಕಳಿಗೆ ಸಂಬಂಧಿಸಿದ್ದು. ಒಂಟಿ ಮಕ್ಕಳಿಗೆ ನೇರವಾಗಿ ನೆರವಾಗುವ ಕಾನೂನುಗಳು ಬೇರೆ ಕಡೆ ಇವೆ. 2012ರ ಪೋಕ್ಸೊ ಕಾಯ್ದೆಯ 19ನೇ ಕಲಮು 18 ತುಂಬದವರ ಮೇಲಿನ ಲೈಂಗಿಕ ಅಪರಾಧದ ಸುಳಿವು ಸಿಕ್ಕ ಯಾರೇ ಆಗಲಿ ಪೊಲೀಸರಿಗೆ ತಿಳಿಸುವುದನ್ನು ಕಡ್ಡಾಯಗೊಳಿಸಿದೆ. ವಿಮಾನದ ಸಿಬ್ಬಂದಿಗೂ ಇದು ಅನ್ವಯ. ಅಶಿಸ್ತಿನ ಪ್ರಯಾಣಿಕರ ಬಗ್ಗೆ 2017ರಲ್ಲಿ ಬಂದ ನಿಯಮಗಳಲ್ಲಿ ಅನುಚಿತ ಸ್ಪರ್ಶ ಎರಡನೇ ಹಂತದ ತಪ್ಪು. ಅದಕ್ಕೆ ಆರು ತಿಂಗಳವರೆಗೆ ಹಾರಾಟ ನಿಷೇಧವಿದೆ. ಸೇವೆಯಲ್ಲಿ ಲೋಪವಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ನಿಲ್ದಾಣದಲ್ಲಿ ಅನಾಥವಾಗಿ ಉಳಿದ ಮಗುವಿನ ನೆರವಿಗೆ 1098 ಮಕ್ಕಳ ಸಹಾಯವಾಣಿ ಇದೆ.

ಕೊರೊನಾ ಲಾಕ್‌ಡೌನ್‌ನಿಂದ ನಿಂತಿದ್ದ ದೇಶದೊಳಗಿನ ವಿಮಾನಗಳು 2020ರ ಮೇ 25ರಂದು ಮತ್ತೆ ಹಾರಿದಾಗ, ಮೊದಲ ದಿನವೇ ಐದು ವರ್ಷದ ಬಾಲಕನೊಬ್ಬ ದೆಹಲಿಯಿಂದ ಬೆಂಗಳೂರಿನ ಕೆಂಪೇಗೌಡ ನಿಲ್ದಾಣಕ್ಕೆ ಒಂಟಿಯಾಗಿ ಬಂದು, ಮೂರು ತಿಂಗಳಿನಿಂದ ದೂರವಿದ್ದ ತಾಯಿಯನ್ನು ಸೇರಿದ. ಈ ಸೇವೆಯ ಅಗತ್ಯ ದೇಶಕ್ಕೆ ತಿಳಿದ ಸಂದರ್ಭಗಳಲ್ಲಿ ಇದೂ ಒಂದು.

ಗಡಿ ದಾಟುವ ಮಕ್ಕಳ ದಾಖಲೆಗಳು

ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಮಗುವಿನ ಸ್ವಂತ ಪಾಸ್‌ಪೋರ್ಟ್, ವೀಸಾಗಳ ಜತೆಗೆ ಪಾಲಕರ ಒಪ್ಪಿಗೆ ಪತ್ರವನ್ನು ಅನೇಕ ದೇಶಗಳು ಕೇಳುತ್ತವೆ. ಫ್ರಾನ್ಸ್ 2017ರ ಜನವರಿ 15ರಿಂದ, ಅಲ್ಲಿ ವಾಸಿಸುವ ಅಪ್ರಾಪ್ತರು ಪಾಲಕರಿಲ್ಲದೆ ದೇಶ ಬಿಡಲು ಲಿಖಿತ ಅನುಮತಿಯನ್ನು ಮತ್ತೆ ಕಡ್ಡಾಯ ಮಾಡಿತು. ಫಿಲಿಪೀನ್ಸ್‌ನಲ್ಲಿ ಸಮಾಜ ಕಲ್ಯಾಣ ಇಲಾಖೆಯ ಪರವಾನಗಿ ಬೇಕು. ಬ್ರೆಜಿಲ್‌ನಲ್ಲಿ 2019ರ ತಿದ್ದುಪಡಿಯ ನಂತರ 16 ತುಂಬದವರು ದೇಶದೊಳಗೆ ಒಂಟಿಯಾಗಿ ಸಂಚರಿಸಲೂ ಅನುಮತಿಯ ನಿಯಮಗಳಿವೆ. ಮಕ್ಕಳ ಕಳ್ಳಸಾಗಣೆ ಹಾಗೂ ವಿಚ್ಛೇದಿತ ಹೆತ್ತವರಲ್ಲಿ ಒಬ್ಬರು ಮಗುವನ್ನು ಕದ್ದೊಯ್ಯುವುದನ್ನು ತಡೆಯುವುದು ಇವುಗಳ ಉದ್ದೇಶ. ಇಂಥ ಅಪಹರಣದ ಬಗೆಗಿನ 1980ರ ಹೇಗ್ ಒಡಂಬಡಿಕೆಗೆ ಭಾರತ ಸೇರಿಲ್ಲ. ದಾಖಲೆ ಸರಿಯಿಲ್ಲದ ಮಗುವನ್ನು ಕರೆತಂದರೆ ವಾಪಸು ಒಯ್ಯುವ ಹೊಣೆ ವಿಮಾನಸಂಸ್ಥೆಯದೇ ಆಗುವುದರಿಂದ ಕೌಂಟರಿನಲ್ಲಿ ತಪಾಸಣೆ ಬಿಗಿಯಾಗಿರುತ್ತದೆ.

ಲೋಪಗಳು ಮತ್ತು ಇಂದಿನ ಸ್ಥಿತಿ

2016ರಲ್ಲಿ ಡೊಮಿನಿಕನ್ ಗಣರಾಜ್ಯದಿಂದ ನ್ಯೂಯಾರ್ಕ್‌ಗೆ ಹೊರಟ ಐದು ವರ್ಷದ ಬಾಲಕನನ್ನು ಜೆಟ್‌ಬ್ಲೂ ಸಂಸ್ಥೆ ಬಾಸ್ಟನ್‌ಗೆ ಕಳುಹಿಸಿತು. ನ್ಯೂಯಾರ್ಕ್‌ನಲ್ಲಿ ಅವನ ತಾಯಿಯ ಮುಂದೆ ಬೇರೊಬ್ಬ ಹುಡುಗನನ್ನು ತಂದು ನಿಲ್ಲಿಸಿತು. 2023ರ ಡಿಸೆಂಬರ್ 21ರಂದು ಫಿಲಡೆಲ್ಫಿಯಾದಿಂದ ಫೋರ್ಟ್ ಮಯರ್ಸ್‌ಗೆ ಹೋಗಬೇಕಿದ್ದ ಆರು ವರ್ಷದ ಮಗುವನ್ನು ಸ್ಪಿರಿಟ್ ಸಂಸ್ಥೆ ಒರ್ಲಾಂಡೊ ವಿಮಾನ ಹತ್ತಿಸಿತು. ಎರಡೂ ಪ್ರಕರಣಗಳಲ್ಲಿ ಮಕ್ಕಳು ಕ್ಷೇಮವಾಗಿ ಮನೆ ಸೇರಿದರು, ಸಂಸ್ಥೆಗಳು ಕ್ಷಮೆ ಕೇಳಿದವು. ಎರಡರಲ್ಲೂ ಸರಪಳಿ ಕಳಚಿದ್ದು ಆಕಾಶದಲ್ಲಲ್ಲ, ಗೇಟಿನ ಬಳಿ: ಕೈಯಲ್ಲಿರುವ ಕಾಗದವನ್ನು ಎದುರಿಗಿರುವ ಮಗುವಿನೊಂದಿಗೆ ತಾಳೆ ನೋಡಬೇಕಿದ್ದ ಕೆಲವೇ ಕ್ಷಣಗಳಲ್ಲಿ. ನೆಲದ ಸೇವೆಯನ್ನು ಗುತ್ತಿಗೆ ಕಂಪನಿಗಳಿಗೆ ವಹಿಸುವುದು ಹೆಚ್ಚಿದಂತೆ ಈ ಕೊಂಡಿ ಇನ್ನೂ ಸಡಿಲವಾಗುವ ಅಪಾಯವಿದೆ. ಗುತ್ತಿಗೆ ಕೊಟ್ಟ ಮಾತ್ರಕ್ಕೆ ಪ್ರಯಾಣಿಕರೆದುರು ಸಂಸ್ಥೆಯ ಹೊಣೆ ಕಳೆಯುವುದಿಲ್ಲ.

ಅಮೆರಿಕದಲ್ಲೂ ಈ ಸೇವೆಯ ವಿವರಗಳನ್ನು ಗೊತ್ತುಪಡಿಸುವ ಕೇಂದ್ರ ಕಾನೂನಿಲ್ಲ. ಸಾರಿಗೆ ಇಲಾಖೆ ಪಾಲಕರಿಗೆ ಮಾರ್ಗದರ್ಶಿ ಪ್ರಕಟಿಸಿ, ಉಳಿದದ್ದನ್ನು ಸಂಸ್ಥೆಗಳಿಗೆ ಬಿಟ್ಟಿದೆ. ಮಾನವ ಕಳ್ಳಸಾಗಣೆಯನ್ನು ಗುರುತಿಸುವ ತರಬೇತಿ ಮಾತ್ರ ಅಲ್ಲಿ 2016ರ ಕಾನೂನಿನಿಂದ ವಿಮಾನ ಪರಿಚಾರಕರಿಗೆ ಕಡ್ಡಾಯವಾಗಿದೆ. ವಿಮಾನದೊಳಗಿನ ಅಪರಾಧಗಳ ವಿಚಾರಣಾಧಿಕಾರವನ್ನು 1963ರ ಟೋಕಿಯೊ ಒಡಂಬಡಿಕೆ ವಿಮಾನ ನೋಂದಣಿಯಾದ ದೇಶಕ್ಕೆ ಕೊಟ್ಟಿತ್ತು. 2020ರ ಜನವರಿ 1ರಂದು ಜಾರಿಗೆ ಬಂದ ಮಾಂಟ್ರಿಯಲ್ ಪ್ರೋಟೊಕಾಲ್, ಅದನ್ನು ಒಪ್ಪಿದ ದೇಶಗಳ ನಡುವೆ, ವಿಮಾನ ಇಳಿಯುವ ದೇಶಕ್ಕೂ ಆ ಅಧಿಕಾರವನ್ನು ವಿಸ್ತರಿಸಿದೆ. ಇದರಿಂದ ಮಗುವಿಗೆ ತೊಂದರೆ ಕೊಟ್ಟವರನ್ನು ಇಳಿದ ಜಾಗದಲ್ಲೇ ಹಿಡಿದು ವಿಚಾರಣೆಗೆ ಒಳಪಡಿಸುವುದು ಸುಲಭವಾಗಿದೆ.

ಕೆಲವು ಸಂಸ್ಥೆಗಳು ಬಾರ್‌ಕೋಡ್ ಇರುವ ಕೈಪಟ್ಟಿಗಳನ್ನು ಬಳಸುತ್ತಿವೆ. ಪ್ರತಿ ಹಸ್ತಾಂತರದಲ್ಲೂ ಕೈಪಟ್ಟಿಯನ್ನು ಸ್ಕ್ಯಾನ್ ಮಾಡಿದಾಗ ಮಗು ಎಲ್ಲಿದೆ ಎಂಬುದು ಕಂಪ್ಯೂಟರಿನಲ್ಲಿ ದಾಖಲಾಗುತ್ತದೆ. ದುಬೈನಂಥ ದೊಡ್ಡ ನಿಲ್ದಾಣಗಳಲ್ಲಿ ಒಂಟಿ ಮಕ್ಕಳಿಗೆಂದೇ ಪ್ರತ್ಯೇಕ ವಿಶ್ರಾಂತಿ ಕೊಠಡಿಗಳಿವೆ. ಇನ್ನೊಂದೆಡೆ ಸೇವೆ ಕೊಡದ ಸಂಸ್ಥೆಗಳಿಂದಾಗಿ ಕೆಲವು ಮಾರ್ಗಗಳಲ್ಲಿ ಚಿಕ್ಕ ಮಕ್ಕಳ ಒಂಟಿ ಪ್ರಯಾಣ ಸಾಧ್ಯವೇ ಇಲ್ಲ. ಅಲ್ಲಿ ಹೆತ್ತವರಲ್ಲಿ ಒಬ್ಬರು ಹೋಗಿ ಬರುವ ಟಿಕೆಟ್ ಕೊಂಡು ಮಗುವನ್ನು ತಾವೇ ತಲುಪಿಸಬೇಕು.